ಅಪ್ಪನಿಗೆ ಫೋನಿನಲ್ಲೇ ಹನ್ನೊಂದು ಚಿನ್ನದ ನಾಣ್ಯ ಮಾರಿದ್ದಾರೆ. ಇದು ಮೋಸವಾ, ಅಲ್ವಾ?

ಹಳೇಪೆಟ್ಟಿಗೆ (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ನಾಣ್ಯದ ವಿಷಯದಲ್ಲಿ ನನಗೆ ಅ ಆ ಇ ಈ ಕೂಡ ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಅಪ್ಪನಿಗೆ 78. ಅಮ್ಮ ಹೋಗಿ ನಾಲ್ಕು ವರ್ಷ. ಹೋದ ವಾರ ಬೀರುವಿನಲ್ಲಿ ಅವರ ಔಷಧಿ ಚೀಟಿ ಹುಡುಕುವಾಗ ಬಟ್ಟೆಯ ಹಿಂದೆ ಹನ್ನೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಿಕ್ಕವು. ಒಂದೊಂದರಲ್ಲೂ ಒಂದು ಚಿನ್ನದ ಸವರನ್, ಬ್ರಿಟಿಷರ ನಾಣ್ಯ. ಕೇಳಿದ್ದಕ್ಕೆ "ಉಳಿತಾಯ ಕಣಮ್ಮಾ, ನಿನಗೇ ಬರೋದು" ಅಂದ್ರು.

ವಿಷಯ ಇಷ್ಟು. ಮೂರು ವರ್ಷದಿಂದ ಒಬ್ಬ ವ್ಯಾಪಾರಿ ಪ್ರತಿ ಗುರುವಾರ ಫೋನ್ ಮಾಡ್ತಾನೆ. "ಈ ಬೆಲೆ ಸಂಜೆ ಆರರ ತನಕ ಮಾತ್ರ, ನಿಮಗೋಸ್ಕರ ಎತ್ತಿಟ್ಟಿದೀನಿ" ಅಂತಾನಂತೆ. ಒಂದು ನಾಣ್ಯ 1917ರದ್ದು, "ಪ್ರಪಂಚದಲ್ಲೇ ಅಪರೂಪ" ಅಂತ ಹೇಳಿ ಕೊಟ್ಟಿದಾನೆ. ಅದರ ಬಿಲ್ ನೋಡಿದೆ. ಒಳಗಿರೋ ಚಿನ್ನದ ಬೆಲೆಯ ಹೆಚ್ಚುಕಡಿಮೆ ಆರು ಪಟ್ಟು! ಠೇವಣಿಯ ಮುಕ್ಕಾಲು ಪಾಲು ಕರಗಿದೆ.

ಇವು ನಕಲಿನಾ? ಮನೆಯಲ್ಲೇ ನೋಡೋಕೆ ಆಗುತ್ತಾ? ಅಪ್ಪನ ಹತ್ರ ಹೇಗೆ ಮಾತಾಡಲಿ ಅನ್ನೋದೂ ಗೊತ್ತಾಗ್ತಿಲ್ಲ.

ತೂಕದಕಲ್ಲು
ಮೊದಲನೆಯದು: ಉಜ್ಜಬೇಡಿ, ತೊಳೆಯಬೇಡಿ, ಹೊಳಪು ಬರಿಸಬೇಡಿ. ಎಷ್ಟೋ ಮನೆಗಳಲ್ಲಿ ಮೋಸಗಾರ ಮಾಡದ ನಷ್ಟವನ್ನು ಒಂದು ಬಟ್ಟೆ ಮಾಡಿಬಿಡುತ್ತದೆ.

ಆಮೇಲೆ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ತನ್ನಿ. ಸವರನ್ ತೂಕ 7.99 ಗ್ರಾಂ, ಅಗಲ 22.05 ಮಿಲಿಮೀಟರ್. ಸವೆದಿದ್ದರೆ ತೂಕ ಒಂದೆರಡು ಪಾಯಿಂಟ್ ಕಡಿಮೆ ಬರಬಹುದು, ಹೆಚ್ಚು ಬರಬಾರದು.

ಇನ್ನು ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 22 ಕ್ಯಾರಟ್ ಚಿನ್ನಕ್ಕೆ 17.5ರ ಆಸುಪಾಸು ಬರಬೇಕು. ಹಿತ್ತಾಳೆಗೆ ಒಂಬತ್ತೂ ದಾಟುವುದಿಲ್ಲ.

ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಅಸಲಿ" ಅನ್ನುವವರನ್ನು ನಂಬಬೇಡಿ. ತಾಮ್ರ, ಸೀಸ ಯಾವುದೂ ಅಂಟುವುದಿಲ್ಲ.

ಹಳೇಪೆಟ್ಟಿಗೆ
ಮಾಡಿದೆ! 1917ರದ್ದು 7.98 ಗ್ರಾಂ. ಅಗಲ 22. ನೀರಿನಲ್ಲಿ 0.45 ಬಂತು. ಭಾಗಿಸಿದ್ರೆ 17.7. ಉಳಿದವೂ ಹಾಗೇ ಇವೆ. ಅಬ್ಬಾ, ಅಸಲಿ ಅಂದಮೇಲೆ ಮೋಸ ಆಗಿಲ್ಲ ಅಂತ ತಾನೆ?

ಗೆರೆಅಂಚು
ಅಲ್ಲ ತಂಗಿ. ಈ ಧಂದೆಯಲ್ಲಿ ಪಳಗಿದವನು ನಕಲಿ ಮುಟ್ಟುವುದೇ ಇಲ್ಲ. ನಕಲಿ ಕೊಟ್ಟರೆ ಸಿಕ್ಕಿಬೀಳುತ್ತಾನೆ. ಅಸಲಿ ನಾಣ್ಯ ಕೊಟ್ಟು ಸುಳ್ಳು ಕಥೆ ಮಾರಿದರೆ ಪೊಲೀಸರೂ "ಚಿನ್ನ ಇದೆಯಲ್ಲಾ, ಮತ್ತೇನು" ಅಂತಾರೆ.

ಒಂದು ಕೆಲಸ ಮಾಡಿ. ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುತ್ತಿರುವ ಚಿತ್ರ ಇದೆಯಲ್ಲ (1817ರಲ್ಲಿ ಪಿಸ್ತ್ರೂಚಿ ಎಂಬ ಕೆತ್ತನೆಗಾರ ಮಾಡಿದ್ದು, ಇವತ್ತಿಗೂ ಅದೇ), ಅದರ ಕೆಳಗೆ ನೆಲದ ಗೆರೆ ಇರುತ್ತದೆ. ಗೆರೆಯ ನಡುವೆ, ಇಸವಿಯ ಸರಿಯಾಗಿ ಮೇಲೆ, ಒಂದು ಪುಟಾಣಿ ಅಕ್ಷರ ಇದೆಯಾ ನೋಡಿ. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಭೂತಗನ್ನಡಿ ಬೇಕು, ಅಥವಾ ಫೋನ್ ಕ್ಯಾಮೆರಾ ದೊಡ್ಡದು ಮಾಡಿ.

ಹಳೇಪೆಟ್ಟಿಗೆ
ಹತ್ತು ನಿಮಿಷ ಒದ್ದಾಡಿದೆ. ಇದೆ. ಇಂಗ್ಲಿಷಿನ ಪಿ.

ಗೆರೆಅಂಚು
ಹಾಗಾದರೆ ಅದು ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆಯದು. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್, ಸಿ ಇದ್ದರೆ ಕೆನಡಾ. ಏನೂ ಇಲ್ಲದಿದ್ದರೆ ಲಂಡನ್. 1917ರಲ್ಲಿ ನಿಜಕ್ಕೂ ಅಪರೂಪ ಇರುವುದು ಲಂಡನ್ನಿನದು. ಯುದ್ಧಕಾಲದಲ್ಲಿ ಅಚ್ಚಾದ ಅವುಗಳಲ್ಲಿ ಉಳಿದಿರುವುದು ತೀರಾ ಕಡಿಮೆ. ಪರ್ತ್ ಅದೇ ವರ್ಷ 40 ಲಕ್ಷಕ್ಕೂ ಹೆಚ್ಚು ಅಚ್ಚು ಹಾಕಿತು. ಚಿನ್ನದ ಬೆಲೆಗಿಂತ ಸ್ವಲ್ಪ ಮೇಲೆ ಎಲ್ಲಿ ಬೇಕಾದರೂ ಸಿಗುತ್ತದೆ.

ಆಟ ಗೊತ್ತಾಯಿತಾ? ನಿಮ್ಮ ತಂದೆ ಪುಸ್ತಕದಲ್ಲಿ ಹುಡುಕಿದರೆ "1917, ಬಹಳ ಅಪರೂಪ" ಅಂತ ಇರುತ್ತದೆ. ಅವರ ಅನುಮಾನ ಅಲ್ಲೇ ಸತ್ತುಹೋಗುತ್ತದೆ. ಎಳ್ಳಿನಲ್ಲಿ ಕಾಲುಭಾಗ ಇಲ್ಲದ ಒಂದು ಅಕ್ಷರ, ಅದೂ ಎಪ್ಪತ್ತೆಂಟರ ಕಣ್ಣಿಗೆ.

ಉಳಿದ ಹತ್ತರ ಇಸವಿ ಏನು? 1911, 1912 ಆಗಿದ್ದರೆ ಲಂಡನ್ ಒಂದರಲ್ಲೇ ವರ್ಷಕ್ಕೆ 3 ಕೋಟಿ ನಾಣ್ಯ ಅಚ್ಚಾಗಿವೆ.

ಹಳೇಪೆಟ್ಟಿಗೆ
ಏಳು 1911 ಮತ್ತು 1912. ಮೂರು 1925. ಎಲ್ಲಕ್ಕೂ "ಶತಮಾನದ ಅಪರೂಪ" ಅಂತ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದಾನೆ. ಕೈ ನಡುಗ್ತಿದೆ ನನಗೆ.

ನೇರಮಾತು
ಬೇಜಾರಾಗಬೇಡಿ, ಆದ್ರೆ ಹೆಚ್ಚಿನ ಬೆಲೆಗೆ ಮಾರೋದು ಅಪರಾಧ ಅಲ್ಲ. ಕೊಳ್ಳೋರಿಗೆ ಬುದ್ಧಿ ಬೇಡ್ವಾ? ಒಂದು ದಿನ ಬೆಲೆ ಏರುತ್ತೆ ಅನ್ನೋ ಆಸೆ ಅವರಿಗೂ ಇತ್ತು ತಾನೆ.

ಅಂಗಡಿಯವ
ಇಪ್ಪತ್ತಾರು ವರ್ಷದಿಂದ ಇದೇ ವ್ಯಾಪಾರ ನನ್ನದು, ಆದ್ದರಿಂದ ನೇರಮಾತು ಅವರಿಗೆ ಅರ್ಧ ಒಪ್ಪಿಗೆ. ಲಾಭ ಇಲ್ಲದೆ ಯಾರೂ ಅಂಗಡಿ ತೆರೆಯಲ್ಲ. ಆದರೆ ಲಾಭಕ್ಕೂ ಸುಲಿಗೆಗೂ ನಡುವೆ ಗೆರೆ ಇದೆ, ಅದು ನಮಗೆಲ್ಲ ಚೆನ್ನಾಗಿ ಗೊತ್ತು.

ನಾಣ್ಯದಲ್ಲಿ ಎರಡು ಜಾತಿ. ಒಂದು, ಲೋಹದ ಬೆಲೆಗೆ ಹೋಗುವುದು. ದಕ್ಷಿಣ ಆಫ್ರಿಕಾದ ಕ್ರುಗರ್‌ರ್ಯಾಂಡ್ ಇದೆಯಲ್ಲ, 1967ರಲ್ಲಿ ಬಂದದ್ದು, ಅದರ ತೂಕ 33.93 ಗ್ರಾಂ, ಒಳಗೆ ಶುದ್ಧ ಚಿನ್ನ 31.10 ಗ್ರಾಂ. ಮುಖಬೆಲೆಯೇ ಬರೆದಿಲ್ಲ. ಆ ದಿನದ ಚಿನ್ನದ ದರವೇ ಅದರ ಬೆಲೆ, ಮೇಲೆ ನೂರಕ್ಕೆ ನಾಲ್ಕೋ ಆರೋ ನಮಗೆ. ಇನ್ನೊಂದು, ಅಪರೂಪಕ್ಕಾಗಿ ಹೋಗುವುದು. ಅಲ್ಲಿ ಲೋಹ ಲೆಕ್ಕಕ್ಕಿಲ್ಲ. ಇಸವಿ, ಟಂಕಸಾಲೆ, ಸವೆತ ಇವೇ ಎಲ್ಲ. ಮೋಸಗಾರ ಮಾಡುವುದು ಒಂದೇ ಕೆಲಸ: ಮೊದಲನೇ ಜಾತಿಯದನ್ನು ಎರಡನೆಯದರ ಬೆಲೆಗೆ ದಾಟಿಸುವುದು.

ಅವನನ್ನು ಬಯಲು ಮಾಡುವ ಪ್ರಶ್ನೆ ಯಾವುದು ಗೊತ್ತಾ? "ಇದನ್ನೇ ನಾನು ಈಗ ನಿಮಗೆ ವಾಪಸ್ ಮಾರಿದರೆ ಎಷ್ಟು ಕೊಡ್ತೀರಿ?" ನಾನಾದರೆ ಕಾಗದದ ಮೇಲೆ ಬರೆದುಕೊಡುತ್ತೇನೆ. ಅವನು ಹವಾಮಾನದ ಬಗ್ಗೆ ಮಾತಾಡುತ್ತಾನೆ.

ಗ್ರೇಡುಗೋಪ್ಯ
ಸವೆತ ಅಂದ್ರಲ್ಲ, ಅಲ್ಲೂ ಒಂದು ಬಾವಿ ಇದೆ. ನಾಣ್ಯದ ಸ್ಥಿತಿಗೆ 1ರಿಂದ 70ರ ವರೆಗೆ ಅಂಕ ಕೊಡ್ತಾರೆ. 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನೋರು ಅಮೆರಿಕದ ಹಳೆ ತಾಮ್ರದ ಸೆಂಟುಗಳಿಗಾಗಿ ಮಾಡಿದ ಅಳತೆ, ಈಗ ಎಲ್ಲದಕ್ಕೂ ಅದೇ. ಕೆಲವು ನಾಣ್ಯಗಳಲ್ಲಿ 63ಕ್ಕೂ 65ಕ್ಕೂ ಬೆಲೆ ಹಲವು ಪಟ್ಟು ವ್ಯತ್ಯಾಸ. ಮಾರುವವನೇ ಅಂಕ ಕೊಟ್ಟರೆ ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡಿದ ಹಾಗೆ. ಅದಕ್ಕೇ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನೋ ಸಂಸ್ಥೆಗಳು ಹುಟ್ಟಿದ್ದು. ಹೊರಗಿನವರು ಅಂಕ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ ಸಂಖ್ಯೆ ಹಾಕ್ತಾರೆ. ಈಗ ಆ ಪೆಟ್ಟಿಗೆಗೇ ನಕಲಿ ಬಂದಿದೆ. ಆದ್ದರಿಂದ ಸಂಖ್ಯೆಯನ್ನ ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿರೋ ಫೋಟೋ ಕೈಯಲ್ಲಿರೋ ನಾಣ್ಯಕ್ಕೆ ಕಲೆ ಕಲೆ ಸಮೇತ ಹೊಂದುತ್ತಾ ನೋಡಿ. ಚಿನ್ನದ ಬಣ್ಣದ ಸ್ಟಿಕ್ಕರ್‌ಗೆ ಅಂಟಿನ ಬೆಲೆಯೂ ಇಲ್ಲ.

ನಿವೃತ್ತ_74
ನಾನು ಇಲ್ಲಿ ಬರೆಯುವುದು ಕಡಿಮೆ. ನೇರಮಾತು ಅವರ ಮಾತಿಗೆ ಉತ್ತರ ಹೇಳಲೇಬೇಕು ಅನಿಸಿತು.

ನಾನೂ ಹೀಗೆಯೇ ಕೊಂಡವನು. ನಾಲ್ಕು ದಶಕ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕೂಡಿ ಕಳೆಯುವುದು ನನಗೆ ಬರುತ್ತದೆ, ಮರೆವೂ ಇಲ್ಲ. ಫೋನ್ ಮಾಡುತ್ತಿದ್ದ ಹುಡುಗ ನನ್ನ ಮಂಡಿನೋವಿನ ಬಗ್ಗೆ ಕೇಳುತ್ತಿದ್ದ. ಹೋದ ಸಲ ಹೇಳಿದ ವೈದ್ಯರ ದಿನಾಂಕವನ್ನು ನೆನಪಿಟ್ಟುಕೊಂಡು "ಏನಂದರು ಸರ್" ಎನ್ನುತ್ತಿದ್ದ. ನನ್ನ ಮಗನಿಗೆ ಆ ದಿನಾಂಕ ಗೊತ್ತಿರಲಿಲ್ಲ. ಮಗನ ತಪ್ಪು ಅಂತ ಹೇಳುತ್ತಿಲ್ಲ, ಅವನಿಗೆ ಅವನದೇ ಸಂಸಾರ.

ಮೂರನೇ ನಾಣ್ಯದ ಹೊತ್ತಿಗೇ ನನಗೆ ಅನುಮಾನ ಬಂದಿತ್ತು. ಆದರೆ ನಿಲ್ಲಿಸಿದರೆ ಮೊದಲ ಎರಡರಲ್ಲಿ ಮೋಸಹೋದೆ ಎಂದು ಒಪ್ಪಿಕೊಳ್ಳಬೇಕಿತ್ತು. ಅದಕ್ಕಿಂತ ನಾಲ್ಕನೆಯದನ್ನು ಕೊಳ್ಳುವುದು ಸುಲಭವಾಯಿತು. ಒಂಬತ್ತಾದವು.

ಹಳೇಪೆಟ್ಟಿಗೆ ಅವರೇ, ತಂದೆಯ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. ನನ್ನ ಮಗ ಹಾಗೆ ಮಾಡಿದ. ಬ್ಯಾಂಕ್ ಪುಸ್ತಕವನ್ನೂ ತೆಗೆದುಕೊಂಡ. ಆಮೇಲೆ ಮತ್ತೊಬ್ಬ ವ್ಯಾಪಾರಿಯ ವಿಷಯವನ್ನು ನಾನು ಅವನಿಗೆ ಹೇಳಲೇ ಇಲ್ಲ.

ನೇರಮಾತು
ಸರ್, ಕ್ಷಮಿಸಿ. ದುಡುಕಿ ಬರೆದೆ.

ಕಡ್ಡಿಪೆಟ್ಟಿಗೆ
ನಮ್ಮ ಅಜ್ಜಂದು ಬ್ಯಾರೆ ನಮೂನಿ ಆತ್ರಿ. ಮಾರೋದಲ್ಲ, ಕೊಳ್ಳೋ ನೆಪ. ಅಜ್ಜನ ಕಡೆ ಒಂದು ಹಳೇ ದುಡ್ಡಿತ್ತು, ಮೊಮ್ಮಗ ಅದರ ಫೋಟೋ ಎಲ್ಲೋ ಹಾಕಿದ. ಮರುದಿನಾನ ಫೋನ್ ಬಂತು, "ನಿಮ್ಮ ನಾಣ್ಯಕ್ಕ ಕೋಟಿ ಕೊಡೋ ಗಿರಾಕಿ ಅದಾನ, ಮೊದಲ ನೋಂದಣಿ ಶುಲ್ಕ ಕಟ್ರಿ." ಕಟ್ಟಿದ. ಆಮ್ಯಾಲೆ ತೆರಿಗಿ, ಆಮ್ಯಾಲೆ ವಿಮಾ, ಆಮ್ಯಾಲೆ "ಹಣ ದಾರ್ಯಾಗ ಸಿಕ್ಕೊಂಡೈತಿ, ಬಿಡಸಾಕ ಇಷ್ಟು." ಐದು ಸಲ ಕಟ್ಯಾನ್ರಿ! ಆ ನಾಣ್ಯ ಇನ್ನೂ ನಮ್ಮ ಮನ್ಯಾಗ ಐತಿ, ಯಾರೂ ಮುಟ್ಟಿ ಸೈತ ನೋಡಿಲ್ಲ. ನಾಣ್ಯ ನೋಡದನ ಕೋಟಿ ಅನ್ನಾಂವ ಎಂಥಾ ಗಿರಾಕಿರಿ? ಕೊಳ್ಳಾಂವ ರೊಕ್ಕ ಕೊಡಬೇಕೋ, ಇಸ್ಕೋಬೇಕೋ?

ಮೊಮ್ಮಗಳು
ಕೊಳ್ಳೋರ ಮೋಸಕ್ಕೆ ಇನ್ನೊಂದು ಸೇರಿಸ್ತೀನಿ, ಯಾಕಂದ್ರೆ ಇದು ನಯವಾಗಿ ನಡೆಯುತ್ತೆ, ಮೋಸ ಅಂತಾನೇ ಅನಿಸಲ್ಲ. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಅವರ ಸಂಗ್ರಹ ಮಾರೋಕೆ ಒಬ್ಬರನ್ನ ಮನೆಗೆ ಕರೆಸಿದ್ರು. ಆತ ಬಿಳಿ ಕೈಗವಸು ಹಾಕ್ಕೊಂಡು ಒಂದೊಂದೇ ನೋಡಿದ. ಎರಡು ಸಾಧಾರಣ ಬೆಳ್ಳಿ ನಾಣ್ಯ ಎತ್ತಿ "ಅಮ್ಮಾ, ಇವು ಬೆಲೆಬಾಳ್ತವೆ, ಇಟ್ಕೊಳ್ಳಿ, ಯಾರಿಗೂ ಕೊಡಬೇಡಿ" ಅಂತ ವಾಪಸ್ ಕೊಟ್ಟ. ಅಲ್ಲಿಗೆ ಅಜ್ಜಿ ಮರುಳಾಗಿಹೋದ್ರು, "ಎಂಥ ಪ್ರಾಮಾಣಿಕ ಹುಡುಗ" ಅಂತ. ಉಳಿದದ್ದೆಲ್ಲ ಒಟ್ಟು ತೂಕಕ್ಕೆ ಕಟ್ಟಿಕೊಂಡು ಹೋದ. ಅಜ್ಜನ ನೋಟ್‌ಬುಕ್ ಆಮೇಲೆ ಸಿಕ್ತು. ಅವರು ಜೀವಮಾನವಿಡೀ ಹುಡುಕಿದ್ದ ನಾಲ್ಕು ನಾಣ್ಯ ಆ ಮೂಟೆಯಲ್ಲೇ ಇದ್ವು. ವಾಪಸ್ ಕೊಟ್ಟ ಎರಡು ಇವತ್ತಿಗೂ ಲೋಹದ ಬೆಲೆಗೇ ಹೋಗೋದು.

ಅಂಗಡಿಯವ
ಈ ತಂತ್ರ ಹಳೆಯದು, ನಾನು ಕೆಲಸ ಕಲಿತ ಅಂಗಡಿಯಲ್ಲೇ ನೋಡಿದ್ದೇನೆ. ಆರು ತಿಂಗಳಿಗೆ ಅಲ್ಲಿಂದ ಬಿಟ್ಟೆ, ಆದರೆ ಆರು ತಿಂಗಳು ಇದ್ದೆ ಅನ್ನುವುದೂ ನಿಜ.

ಮನೆಗೆ ಯಾರನ್ನೂ ಕರೆಸುವ ಮುಂಚೆ ಪ್ರತಿ ನಾಣ್ಯದ ಎರಡೂ ಬದಿ ಫೋಟೋ ತೆಗೆಯಿರಿ, ತೂಕ ಬರೆದಿಡಿ. ಒಟ್ಟಿಗೆ ಬೆಲೆ ಕೇಳಬೇಡಿ, ಒಂದೊಂದಕ್ಕೂ ಬೇರೆ ಬೇರೆ ಬರೆಸಿ. ಮೂವರ ಹತ್ತಿರ ಕೇಳಿ, ಒಬ್ಬನ ಬೆಲೆ ಇನ್ನೊಬ್ಬನಿಗೆ ಹೇಳಬೇಡಿ. ನಾಣ್ಯ ಯಾವತ್ತೂ ನಿಮ್ಮ ಕಣ್ಣಳತೆ ದಾಟಬಾರದು. "ಒಳಗೆ ಬೆಳಕಲ್ಲಿ ನೋಡಿ ಬರ್ತೀನಿ" ಅಂದರೆ ನೀವೂ ಎದ್ದು ಹೋಗಿ. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಒಂದೇ ನಾಣ್ಯ ಆಗಿರಬೇಕಲ್ಲ.

ಗೆರೆಅಂಚು
ಇಸವಿ ನೋಡಿ ಮರುಳಾಗುವುದಕ್ಕೆ ಮರಿಯಾ ಥೆರೇಸಾ ಬೆಳ್ಳಿ ಥಾಲರ್‌ಗಿಂತ ದೊಡ್ಡ ಉದಾಹರಣೆ ಇಲ್ಲ. ಮೇಲೆ 1780 ಅಂತ ಇರುತ್ತದೆ. ಆಸ್ಟ್ರಿಯಾದ ರಾಣಿ ಸತ್ತ ವರ್ಷ ಅದು. ಆ ನಾಣ್ಯವನ್ನು ದೂರದೂರದ ವ್ಯಾಪಾರಿಗಳು ಎಷ್ಟು ನಂಬುತ್ತಿದ್ದರೆಂದರೆ ಟಂಕಸಾಲೆಗಳು ಅದೇ ಇಸವಿ ಹಾಕಿ 19ನೇ, 20ನೇ ಶತಮಾನದಲ್ಲೂ ಅಚ್ಚು ಹಾಕುತ್ತಲೇ ಹೋದವು. 28.07 ಗ್ರಾಂ ತೂಕ, ಸಾವಿರಕ್ಕೆ 833 ಪಾಲು ಶುದ್ಧ, ಒಳ್ಳೇ ಬೆಳ್ಳಿಯೇ. ಅದನ್ನು "ಇನ್ನೂರೈವತ್ತು ವರ್ಷ ಹಳೆಯದು" ಅಂತ ವೃದ್ಧರಿಗೆ ಮಾರುವುದನ್ನು ಕಣ್ಣಾರೆ ಕಂಡಿದ್ದೇನೆ. ವಿಚಿತ್ರ ಅಂದರೆ ನಾಣ್ಯದ ಮೇಲೆ ಬರೆದದ್ದನ್ನೇ ಅವನು ಓದಿ ಹೇಳಿದ್ದು.

ತೂಕದಕಲ್ಲು
ಹೆದರಿಕೆ ಮಾರುವವರನ್ನು ಮರೆತಿರಿ. 1933ರಲ್ಲಿ ಅಮೆರಿಕದಲ್ಲಿ ರೂಸ್‌ವೆಲ್ಟ್ ಆಜ್ಞೆ ಹೊರಡಿಸಿ ಜನರ ಹತ್ತಿರದ ಚಿನ್ನವನ್ನು ಒಪ್ಪಿಸಿ ಎಂದರು. ಸಂಗ್ರಾಹಕರ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. 1974ರ ಕೊನೆಗೆ ಆ ನಿರ್ಬಂಧವೇ ಹೋಯಿತು. ಆದರೂ ಇವತ್ತಿಗೂ ಅಲ್ಲಿ ಫೋನ್ ವ್ಯಾಪಾರಿಗಳು ಹಿರಿಯರಿಗೆ "ಸರ್ಕಾರ ಚಿನ್ನದ ಗಟ್ಟಿ ಕಿತ್ತುಕೊಳ್ಳುತ್ತೆ, ಹಳೆ ನಾಣ್ಯ ಮುಟ್ಟಲ್ಲ" ಎಂದು ಹೇಳಿ ದುಬಾರಿ ನಾಣ್ಯ ಹೊರಿಸುತ್ತಾರೆ. 2020ರಲ್ಲಿ ಅಲ್ಲಿನ ಕೇಂದ್ರ ನಿಯಂತ್ರಕರೂ 30 ರಾಜ್ಯಗಳೂ ಒಟ್ಟಾಗಿ ಒಂದು ಮೊಕದ್ದಮೆ ಹೂಡಿದವು. ಆರೋಪ: ಅಮೂಲ್ಯ ಲೋಹದ ಹೆಸರಿನಲ್ಲಿ ಕನಿಷ್ಠ 1,600 ಜನರಿಂದ, ಬಹಳಷ್ಟು ಹಿರಿಯರೇ, 18.5 ಕೋಟಿ ಡಾಲರ್ ಎತ್ತಿದ್ದು. ನಿವೃತ್ತಿಯ ಗಂಟನ್ನೇ ಬಿಚ್ಚಿಸಿದ್ದು.

ಕಪ್ಪುಕೋಟು
ಹಳೇಪೆಟ್ಟಿಗೆ ಅವರಿಗೆ. ದೇಶ ದೇಶಕ್ಕೆ ಕಾನೂನು ಬೇರೆ, ಹಾಗಾಗಿ ನಿಮ್ಮಲ್ಲಿನ ವಕೀಲರನ್ನು ಕಾಣಿ. ಆದರೆ ಎಲ್ಲ ಕಡೆ ಕೇಳುವ ಒಂದು ಪ್ರಶ್ನೆ ಇದೆ. "ಅಪರೂಪ", "ಅದ್ಭುತ", "ಬೆಲೆ ಏರುತ್ತೆ" ಇವೆಲ್ಲ ವ್ಯಾಪಾರಿಯ ಹೊಗಳಿಕೆ ಎಂದು ನ್ಯಾಯಾಲಯ ತಳ್ಳಿಹಾಕಬಹುದು. "ಇದು ಲಂಡನ್ ಟಂಕಸಾಲೆಯ 1917" ಎಂದು ಹೇಳಿದ್ದರೆ ಅದು ಹೊಗಳಿಕೆಯಲ್ಲ, ಪರೀಕ್ಷಿಸಬಹುದಾದ ಸುಳ್ಳು. ಬಿಲ್ಲಿನಲ್ಲಿ ಲಂಡನ್ ಅಂತ ಇದೆಯಾ?

ಹಳೇಪೆಟ್ಟಿಗೆ
ಇಲ್ಲ. "ಸವರನ್, 1917, ಅಪರೂಪದ ವರ್ಷ" ಅಂತಷ್ಟೇ.

ಕಪ್ಪುಕೋಟು
ಪಳಗಿದ ಕೈ. ಲಕೋಟೆ, ಚೀಟಿ, ಸಂದೇಶ, ಶುಭಾಶಯ ಪತ್ರ ಏನಿದ್ದರೂ ಹುಡುಕಿ. ಫೋನಿನಲ್ಲಿ ಆಡುವವರು ಎಲ್ಲೋ ಒಂದು ಕಡೆ ಕೈತಪ್ಪಿ ಬರೆದಿರುತ್ತಾರೆ. ಹಣ ಕಾರ್ಡಿನಲ್ಲಿ ಹೋಗಿದ್ದರೆ ಇವತ್ತೇ ಬ್ಯಾಂಕಿಗೆ ಲಿಖಿತ ದೂರು ಕೊಡಿ. ತಕರಾರು ಎತ್ತಲು ಗಡುವು ಇರುತ್ತದೆ.

ಹಳೇಪೆಟ್ಟಿಗೆ (ಒಂಬತ್ತು ದಿನದ ನಂತರ)
ತಡ ಆಯ್ತು, ಕ್ಷಮಿಸಿ. ನಿವೃತ್ತ ಸರ್ ಬರೆದದ್ದನ್ನ ಮೂರು ಸಲ ಓದಿದೆ. ಅಪ್ಪನಿಗೆ ಏನೂ ಹೇಳದೆ ಭೂತಗನ್ನಡಿ ತಂದು ಮೇಜಿನ ಮೇಲಿಟ್ಟೆ. "ಅಪ್ಪಾ, ಕುದುರೆ ಕಾಲ ಕೆಳಗೆ ಏನೋ ಅಕ್ಷರ ಇದೆ ಅಂತಾರೆ, ನನಗೆ ಸರಿಯಾಗಿ ಕಾಣ್ತಿಲ್ಲ, ನೋಡ್ತೀರಾ" ಅಂದೆ. ಸುಳ್ಳೇ ಹೇಳಿದ್ದು. ಅವರು ತುಂಬಾ ಹೊತ್ತು ನೋಡಿದ್ರು. "ಪಿ" ಅಂದ್ರು. "ಪಿ ಅಂದ್ರೆ?" ನಾನು ಗೆರೆಅಂಚು ಅವರು ಬರೆದದ್ದನ್ನ ಫೋನಿನಲ್ಲಿ ತೆಗೆದು ಕೊಟ್ಟೆ. ಓದಿ, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಊಟಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದೆ ಇಟ್ರು. ಅದರೊಳಗೆ ಆ ಹುಡುಗ ಮೂರು ವರ್ಷದಲ್ಲಿ ಕಳಿಸಿದ ಒಂದೊಂದು ಪತ್ರ, ಶುಭಾಶಯ, ಎಲ್ಲ ತಾರೀಖಿನ ಪ್ರಕಾರ. ಅಮ್ಮನ ಪುಣ್ಯತಿಥಿಗೂ ಒಂದು ಕಳಿಸಿದಾನೆ. ನಾನು ಆ ದಿನ ಫೋನ್ ಮಾಡಿದ್ದೆನಾ ಅಂತ ನೆನಪು ಮಾಡ್ಕೊಳ್ಳೋಕೆ ಹೋಗಲಿಲ್ಲ. ಹುಟ್ಟುಹಬ್ಬದ ಒಂದು ಕಾರ್ಡಿನ ಕೆಳಗೆ ಅವನ ಕೈಬರಹ: "ನಿಮ್ಮ ಲಂಡನ್ 1917 ಜೋಪಾನ ಸರ್, ಅಂಥದ್ದು ಇನ್ನೊಂದು ನನಗೂ ಸಿಗಲ್ಲ."

ಕಪ್ಪುಕೋಟು
ಆ ಕಾರ್ಡನ್ನು ಮಡಚಬೇಡಿ, ರಂಧ್ರ ಹಾಕಬೇಡಿ. ಲಕೋಟೆ ಇದ್ದರೆ ಅದರ ಅಂಚೆ ಮುದ್ರೆ ಸಮೇತ ಇಡಿ. ಪ್ರತಿ ಮಾಡಿಸಿ ಪ್ರತಿಯನ್ನು ಮಾತ್ರ ಕೊಡಿ. ದೂರು ತಂದೆಯವರ ಹೆಸರಿನಲ್ಲೇ, ಅವರ ಮಾತಿನಲ್ಲೇ ಇರಲಿ. ಕೊಂಡವರು ಅವರು.

ಅಂಗಡಿಯವ
ಇನ್ನೊಂದು ಎಚ್ಚರಿಕೆ. ಒಮ್ಮೆ ಮೋಸಹೋದವರ ಹೆಸರಿನ ಪಟ್ಟಿ ಕೈಯಿಂದ ಕೈಗೆ ಮಾರಾಟವಾಗುತ್ತದೆ. "ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಖರ್ಚಿಗೆ ಇಷ್ಟು ಕಳಿಸಿ" ಅಂತ ಫೋನ್ ಬರಬಹುದು.

ಹಳೇಪೆಟ್ಟಿಗೆ (ಮತ್ತೆ ಮೂರು ವಾರದ ನಂತರ)
ಬಂತು! "ವಕೀಲರ ಕಚೇರಿ" ಅಂತ. ಅಪ್ಪನೇ ಎತ್ತಿದ್ರು. "ಖರ್ಚನ್ನ ನೀವು ಕೊಡಿಸೋ ಹಣದಲ್ಲೇ ಹಿಡ್ಕೊಳ್ಳಿ" ಅಂದ್ರಂತೆ. ಆ ಕಡೆಯವನು ಇಟ್ಟುಬಿಟ್ಟ.

ದೂರು ಕೊಟ್ಟಿದ್ದೀವಿ. ಎರಡು ಪುಟ ಅಪ್ಪನೇ ಬರೆದ್ರು, ನಾನು ಕಾಗುಣಿತ ಕೂಡ ತಿದ್ದಲಿಲ್ಲ. ಕಾರ್ಡಿನ ಪ್ರತಿ ಹೋದ ಮೇಲೆ ಆ ವ್ಯಾಪಾರಿ 1917ರದ್ದನ್ನ ಮಾತ್ರ ವಾಪಸ್ ತಗೋತೀನಿ, ಬೇರೆಯವರಿಗೆ ಏನೂ ಹೇಳಬಾರದು ಅಂತ ಸಹಿ ಹಾಕಿ ಅಂದಿದಾನೆ. ಅಪ್ಪ ಸಹಿ ಹಾಕಿಲ್ಲ. ಬ್ಯಾಂಕಿನವರು ಕೊನೆಯ ಎರಡು ಪಾವತಿ ಬಗ್ಗೆ ವಿಚಾರಿಸ್ತಿದಾರೆ, ಹಿಂದಿನದೆಲ್ಲ ಗಡುವು ಮೀರಿದೆ ಅಂದ್ರು. ಉಳಿದದ್ದು ಸಿಗೋ ಹಾಗೆ ಕಾಣಲ್ಲ.

ನಿವೃತ್ತ_74
ತಂದೆಯವರು ಹೇಗಿದ್ದಾರೆ?

ಹಳೇಪೆಟ್ಟಿಗೆ
ಗುರುವಾರ ಸಂಜೆ ಸುಮ್ಮನೆ ಕೂತಿರ್ತಾರೆ ಸರ್. ಹಾಗಾಗಿ ಆ ಹೊತ್ತಿಗೆ ನಾನು ಫೋನ್ ಮಾಡ್ತೀನಿ. ನಿನ್ನೆ ಎತ್ತಿದ ತಕ್ಷಣ "ಇರು, ಕೈಯಲ್ಲಿ ಕನ್ನಡಿ ಇದೆ" ಅಂದ್ರು. ಉಳಿದ ಹತ್ತರಲ್ಲೂ ಅಕ್ಷರ ಹುಡುಕ್ತಿದಾರೆ. 1925ರ ಒಂದರಲ್ಲಿ ಎಸ್ ಎ ಅಂತ ಎರಡು ಅಕ್ಷರ ಸಿಕ್ಕಿದೆಯಂತೆ. ಗೆರೆಅಂಚು ಅವರನ್ನ ಕೇಳು ಅಂದ್ರು, ಯಾವ ಊರಿನದು ಅದು?

ಗೆರೆಅಂಚು
ದಕ್ಷಿಣ ಆಫ್ರಿಕಾ, ಪ್ರಿಟೋರಿಯಾ. ಅಪರೂಪವೇನಲ್ಲ. ಆದರೆ ಎರಡು ಅಕ್ಷರ ಇರುವುದು ಆ ಟಂಕಸಾಲೆಯದು ಮಾತ್ರ ಅಂತ ಹೇಳಿ.